ಶೇವಂತೆವ್ವ ಆಡಿದ ಹುಲಿ-ಕುರಿ

ಶೇವಂತೆವ್ವನಿಗೆ ಹುಲಿ-ಕುರಿ ಆಟವನ್ನು ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಹೊರ್ತಿಯ ತವರಿನಲ್ಲಿ ಅಪ್ಪ ಮತ್ತು ಅಣ್ಣಂದಿರು ಮಧ್ಯಾಹ್ನ ಕಟ್ಟೆಯ ಮೇಲೆ ಗೀಟು ಎಳೆದು ಆಡುತ್ತಿದ್ದರು. ಬುತ್ತಿ ತಂದ ಹುಡುಗಿ ಗಂಟನ್ನು ತಲೆಯಿಂದ ಇಳಿಸದೆ ನಿಂತು ನೋಡುತ್ತಿದ್ದಳು. ನೋಡಿ ನೋಡಿಯೇ ಬಂತು. ಮೂರು ಹುಲಿ, ಎದುರಿಗೆ ಒಂದು ಹಿಂಡು ಕುರಿ. ಪಕ್ಕದ ಕುರಿಯ ಆಚೆ ಖಾಲಿ ಜಾಗ ಸಿಕ್ಕರೆ ಹುಲಿ ಅದರ ಮೇಲಿಂದ ಹಾರಿ ತಿನ್ನುತ್ತದೆ. ಕುರಿಗಳೆಲ್ಲ ಸುತ್ತ ನಿಂತು ಹುಲಿಗಳು ಕದಲದಂತೆ ಮಾಡಿದರೆ ಹುಲಿ ಸೋತ ಹಾಗೆ. ಇಷ್ಟೇ ಆಟ. ಒಮ್ಮೆ ಅವಳು ದೊಡ್ಡಣ್ಣನ ಎದುರಿಗೆ ಕೂರಲು ಹೋದಾಗ ಅವನು ಕಲ್ಲುಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, "ನೀ ಹೋಗಿ ಕುಂಟಾಬಿಲ್ಲಿ ಆಡು ಹೋಗು," ಎಂದಿದ್ದ.

ಮದುವೆಯಾಗಿ ಮುದ್ದೇಬಿಹಾಳದಿಂದ ತಾಳಿಕೋಟೆಗೆ ಹೋಗುವ ದಾರಿಯ ಬದಿಯ ಒಂದು ಹಳ್ಳಿಗೆ ಬಂದಳು. ಗಂಡ ಸೋಮನಿಂಗನದು ಕುರಿ ಸಾಕುವ ಮನೆತನ. ಹೊಸದರಲ್ಲಿ ಒಂದು ದಿನ ನಾಚುತ್ತಲೇ, "ನನ್ನ ಕೂಡ ಒಂದಾಟ ಹುಲಿ-ಕುರಿ ಆಡ್ತೀರೇನ್ರಿ?" ಎಂದು ಕೇಳಿದಳು. ಅವನು ನಕ್ಕ. ಅವಳನ್ನು ಹಂಗಿಸಿದ ನಗೆಯಲ್ಲ, ಹೆಂಗಸು ಹೀಗೂ ಕೇಳುತ್ತಾಳೆಯೇ ಎಂಬ ನಗೆ. ಮತ್ತೆ ಅವಳು ಕೇಳಲಿಲ್ಲ. ಆಡು ಮೇಯಿಸಲು ಹೋದಲ್ಲಿ ಎರಡೂ ಕಡೆ ತಾನೇ ಆಡಿಕೊಂಡು ಹೊತ್ತು ಕಳೆದಳು. ಹೀಗೆ ಆಡುತ್ತ ತಲೆಗೂದಲು ಬೆಳ್ಳಗಾದವು.

ಈ ಸಲದ ಬೇಸಿಗೆಗೆ ಸೋಮನಿಂಗ ಮಗ ಮಾಳಿಂಗರಾಯನನ್ನು ಕರೆದುಕೊಂಡು, ಗೊಬ್ಬರಕ್ಕಾಗಿ ರೈತರ ಹೊಲಗಳಲ್ಲಿ ಕುರಿ ತರುಬಲು ಕೃಷ್ಣಾ ನದಿಯ ಕಡೆ ಹೋದ. ಮಳೆ ಬೀಳುವವರೆಗೆ ಅವರು ಬರುವಂತಿಲ್ಲ. ಮನೆಯಲ್ಲಿ ಉಳಿದವರು ಶೇವಂತೆವ್ವ ಮತ್ತು ಸೊಸೆ ಪ್ರಿಯದರ್ಶಿನಿ. ಸಿಂದಗಿಯ ಹುಡುಗಿ, ಪಿಯುಸಿ ಓದಿದವಳು, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಒಳ್ಳೆಯವಳೇ, ಆದರೆ ಇಬ್ಬರ ನಡುವೆ ಊಟ, ನೀರು, ಆಡುಗಳ ಮಾತು ಮುಗಿದ ಮೇಲೆ ಮತ್ತೇನೂ ಉಳಿಯುತ್ತಿರಲಿಲ್ಲ.

ಊರ ಹಿಂದಿನ ಗುಡ್ಡದ ನೆತ್ತಿಯಲ್ಲಿ ಒಂದು ಚಪ್ಪಟೆ ಬಂಡೆ. ಅದರ ಮೇಲೆ ಯಾವ ಕಾಲದ ಕುರಿಗಾರರೋ ಹುಲಿ-ಕುರಿ ಆಟದ ಪಟ ಕೊರೆದಿಟ್ಟಿದ್ದರು. ಗುಡಿಯ ಶಿಖರದ ಹಾಗೆ ಮೇಲೆ ಚೂಪು, ಕೆಳಗೆ ಅಗಲ, ಒಳಗೆ ಅಡ್ಡಗೀಟು. ಹುಲಿಗಳಿಗೆ ಕರಿಕಲ್ಲು, ಕುರಿಗಳಿಗೆ ಬಿಳಿ ಬೆಣಚುಕಲ್ಲು ಆರಿಸಿ ತಂದಿದ್ದಳು. ತನ್ನ ಆಡುಗಳ ಹೆಸರನ್ನೇ ಬಿಳಿಕಲ್ಲುಗಳಿಗೂ ಇಟ್ಟಿದ್ದಳು. ಕೆಂಪು ಗೆರೆಯದು ಕೆಂದಿ, ಮೂಲೆ ಒಡೆದದ್ದು ಮೊಂಡಿ, ಮಚ್ಚೆಯದು ಚುಕ್ಕಿ.

ಒಂದು ಮಧ್ಯಾಹ್ನ ಆಟ ಅರ್ಧವಾಗಿರುವಾಗ ಮರಿಯೊಂದು ಜಾಲಿಕಂಟಿಯಲ್ಲಿ ಸಿಕ್ಕಿಕೊಂಡು ಒದರಿತು. ಅದನ್ನು ಬಿಡಿಸಿ, ಮುಳ್ಳು ಕಿತ್ತು, ಆಟವನ್ನು ಹಾಗೇ ಬಿಟ್ಟು ಆಡುಗಳನ್ನು ಮನೆಗೆ ಹೊಡೆದುಕೊಂಡು ಹೋದಳು. ಮರುದಿನ ಬಂದು ನೋಡಿದರೆ ಒಂದು ಹುಲಿಗಲ್ಲು ಮುಂದಿನ ಮನೆಯಲ್ಲಿತ್ತು.

ಗಾಳಿ ಇರಬೇಕು ಅಂದುಕೊಂಡಳು. ಆದರೆ ಗಾಳಿ ಕಲ್ಲನ್ನು ಗೀಟಿನ ಮೇಲೆಯೇ ನಡೆಸಿ, ಗೀಟುಗಳು ಕೂಡುವ ಮನೆಯಲ್ಲಿ ಸರಿಯಾಗಿ ಕೂರಿಸುವುದಿಲ್ಲ. ಕಲ್ಲನ್ನು ಮುಟ್ಟಿದಳು. ಬಂಡೆ ಹೆಂಚಿನಂತೆ ಕಾದಿತ್ತು. ಆ ಕಲ್ಲು ಮಾತ್ರ ಹೊಸ ಕೊಡದ ನೀರಿನಲ್ಲಿ ಅದ್ದಿ ತೆಗೆದಂತೆ ತಣ್ಣಗಿತ್ತು. ತಲೆಯೆತ್ತಿ ನೋಡಿದಳು. ಆಡುಗಳು ಮೇಯುವುದನ್ನು ಬಿಟ್ಟು ಬಾಯಿ ಆಡಿಸದೆ ಬಂಡೆಯ ಕಡೆ ಮುಖ ಮಾಡಿ ನಿಂತಿದ್ದವು. ಗುಡ್ಡದ ಮೇಲೆ ಬೇರೆ ಜೀವವಿರಲಿಲ್ಲ.

ಅವಳು ಅಲ್ಲಿಂದ ಎದ್ದು ಹೋಗಬಹುದಿತ್ತು. ಆದರೆ ಆ ನಡೆ ಬಹಳ ಚೆನ್ನಾಗಿತ್ತು. ತನ್ನ ಎರಡು ಕುರಿಗಳಿಗೆ ಒಮ್ಮೆಲೇ ಹೊಂಚು ಹಾಕಿದ ನಡೆ. ಶೇವಂತೆವ್ವ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತು ಯೋಚಿಸಿ, ಚುಕ್ಕಿಯನ್ನು ಅಡ್ಡ ಇಟ್ಟು ಮನೆಗೆ ಬಂದಳು. ಮರುದಿನ ಅದಕ್ಕೆ ಉತ್ತರ ಬಂದಿತ್ತು.

ಅಲ್ಲಿಂದ ದಿನಕ್ಕೊಂದು ನಡೆ. ಹೆದರಿಕೆ ಆಗಲಿಲ್ಲವೆಂದಲ್ಲ. ಆದರೆ ಹೆದರಿಕೆಗಿಂತ ದೊಡ್ಡದೊಂದು ಅವಳ ಎದೆಯಲ್ಲಿ ಕೂತಿತ್ತು: ಯಾರೋ ತನ್ನ ಎದುರಿಗೆ ಕೂತು ಆಡುತ್ತಿದ್ದಾರೆ, ತನ್ನ ನಡೆಯನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದಾರೆ. ಬೆಳಗ್ಗೆ ಬೇಗ ರೊಟ್ಟಿ ಬಡಿದು, ತಲೆ ಬಾಚಿಕೊಂಡು ಹೊರಡುವಳು. ಬಂಡೆ ಹತ್ತಿದೊಡನೆ, "ಏನ್ ಮಾಡಿಟ್ಟಿ ನೋಡೂಣು ಇವತ್ತ," ಎನ್ನುವಳು. ಹಾಗೆ ಗೆಳತಿಯೊಡನೆ ಮಾತಾಡಿದಂತೆ ಮಾತಾಡುವುದು ತನಗೇ ತಿಳಿಯದೆ ರೂಢಿಯಾಯಿತು.

ಒಂದು ದಿನ ಹುಲಿ ಕೆಂದಿಯನ್ನು ತಿಂದಿತ್ತು. ತಿಂದ ಕಲ್ಲು ಬಂಡೆಯ ಮೇಲಿರಲಿಲ್ಲ, ಸುತ್ತಮುತ್ತಲೂ ಇರಲಿಲ್ಲ. ಸಂಜೆ ಇಳಿದು ಬರುವಾಗ ಗುಡ್ಡದ ಬುಡದಲ್ಲಿ, ಸಿದ್ಧರಾಮನ ಹೊಲದ ಬದುವಿನ ಮೇಲೆ ಅದು ಬಿದ್ದಿತ್ತು. ಕೆಂಪು ಗೆರೆ ಮೇಲಾಗಿ, ನೋಡಲೆಂದೇ ಇಟ್ಟಂತೆ. ಸಿದ್ಧರಾಮ ಮುದುಕ, ಹಗಲೆಲ್ಲ ಹೊಲದ ಗುಡಿಸಲಲ್ಲೇ ಇರುವವನು.

"ಗುಡ್ಡಕ್ಕ ಯಾರರ ಹೋಗಿ ಬಂದ್ರೇನ್ರಿ ಕಾಕಾ?" ಎಂದು ಕೇಳಿದಳು.

"ನಿನ್ನ ಬಿಟ್ರ ಯಾರು ಹೋಗ್ತಾರವ್ವ ಅಲ್ಲಿ?" ಅವನು ಗುಡ್ಡದ ಕಡೆ ನೋಡದೆಯೇ ಹೇಳಿದ. "ನಮ್ಮ ನಾಯಿ ಸುದ್ದಾ ಈಗೀಗ ಹತ್ತವಲ್ದು. ಅರ್ಧಾ ಹೋಗತೈತಿ, ತಿರುಗಿ ಬರತೈತಿ."

ಎರಡನೆಯದು ಮೊಂಡಿ. ಅದು ಸಿಕ್ಕಿದ್ದು ಮನೆಯ ಮುಂದಿನ ಆಡಿನ ದೊಡ್ಡಿಯಲ್ಲಿ, ಕಲ್ಲಿನ ಬಾನಿಯ ನೀರಿನ ತಳದಲ್ಲಿ. ಬಿಸಿಲಲ್ಲಿ ಬಂದ ಆಡುಗಳು ಬಾಯಾರಿದ್ದರೂ ಬಾನಿಗೆ ಮೂತಿ ಹಾಕದೆ ನಿಂತಿದ್ದವು. ಕಲ್ಲನ್ನು ಎತ್ತಿದಾಗ ಶೇವಂತೆವ್ವನ ಮೊಣಕೈವರೆಗೂ ಚಳಿ ಏರಿತು. ಗುಡ್ಡದ ಬುಡ ಆಯಿತು, ದೊಡ್ಡಿ ಆಯಿತು. ಇನ್ನು ಉಳಿದದ್ದು ಮನೆ.

ಆ ಸಂಜೆ ಪಡಸಾಲೆಯ ನೆಲದ ಮೇಲೆ ಸುಣ್ಣದ ತುಂಡಿನಿಂದ ಆಟದ ಪಟ ಬರೆದು, ಬಂಡೆಯ ಮೇಲೆ ಹೇಗಿತ್ತೋ ಹಾಗೆಯೇ ಬೇರೆ ಕಲ್ಲು ಜೋಡಿಸಿ, ಇದನ್ನು ಮುಗಿಸುವುದು ಹೇಗೆಂದು ನೋಡುತ್ತ ಕೂತಳು. ಪ್ರಿಯದರ್ಶಿನಿ ಹಿಂದೆ ಬಂದು ನಿಂತಿದ್ದು ತಿಳಿಯಲಿಲ್ಲ.

"ಇದು ಯಾವ ಆಟ್ರಿ ಅತ್ತಿ?"

"ಹುಲಿ-ಕುರಿ. ಗುಡ್ಡದಾಗ ಒಬ್ಬರ ಕೂಡ ಆಡಾಕತ್ತೇನಿ."

ಯಾರ ಕೂಡ ಎಂದು ಸೊಸೆ ಕೇಳಲಿಲ್ಲ. ಎದುರಿಗೆ ಕೂತು, "ನನಗೂ ಕಲಸ್ರಿ," ಎಂದಳು. ಶೇವಂತೆವ್ವನನ್ನು ಹೀಗೆ ಯಾರೂ ಕೇಳಿರಲಿಲ್ಲ. ಕಲಿಸಿದಳು. ಹುಲಿಯ ಪಾಳಿ ಇತ್ತು. ಪ್ರಿಯದರ್ಶಿನಿ ಕೆಳತುಟಿ ಕಚ್ಚಿಕೊಂಡು ಯೋಚಿಸಿ ಒಂದು ಹುಲಿಯನ್ನು ಎಡಕ್ಕೆ ನಡೆಸಿದಳು. ಮರುದಿನ ಬಂಡೆಯ ಮೇಲೆ ಅದೇ ಹುಲಿ ಎಡಕ್ಕೆ ನಡೆದಿತ್ತು.

ಹುಡುಗಿ ಚುರುಕು, ಸರಿಯಾಗಿ ಊಹಿಸಿದ್ದಾಳೆ ಅಂದುಕೊಂಡಳು. ಮರುಸಂಜೆಯೂ ಆಡಿದರು, ಮತ್ತೆ ಹಾಗೆಯೇ ಆಯಿತು. ಸಂಜೆಯ ಆಟಕ್ಕೆ ಇಬ್ಬರೂ ಕಾಯತೊಡಗಿದ್ದರು. ಆಡುತ್ತ ಪ್ರಿಯದರ್ಶಿನಿ ತನ್ನ ತವರಿನ ಸುದ್ದಿ ಹೇಳುವಳು, ಶಾಲೆಯಲ್ಲಿ ಕೇರಂ ಆಡಿ ಗೆದ್ದದ್ದು ಹೇಳುವಳು. ಒಂದು ಸಂಜೆ ಖುಷಿಯಿಂದ ಹುಲಿಯನ್ನು ಹಾರಿಸಿ ಚುಕ್ಕಿಯ ಜಾಗದ ಕಲ್ಲನ್ನು ತಿಂದಳು. ಮರುದಿನ ಬಂಡೆಯ ಮೇಲೆ ಚುಕ್ಕಿ ಇರಲಿಲ್ಲ.

ಅದರ ಮಾರನೆಯ ಬೆಳಗ್ಗೆ ಅಡುಗೆಮನೆಯಿಂದ ಪ್ರಿಯದರ್ಶಿನಿ ಸಣ್ಣ ದನಿಯಲ್ಲಿ ಕರೆದಳು. ಜೋಳದ ಹಿಟ್ಟಿನ ಡಬ್ಬಿಯಲ್ಲಿ ಅವಳ ಕೈ ಹಾಗೇ ನಿಂತಿತ್ತು. ಹೊರಗೆ ತೆಗೆದಾಗ ಹಿಟ್ಟು ಮೆತ್ತಿದ ಬೆರಳುಗಳ ನಡುವೆ ಮಚ್ಚೆಯ ಬಿಳಿಕಲ್ಲು.

ಶೇವಂತೆವ್ವನ ಬಾಯಿಂದ ಮೊದಲು ಬಂದದ್ದು ಸಿಟ್ಟು. "ನೀ ಗುಡ್ಡಕ್ಕ ಹೋಗ್ತಿ. ನನ್ನ ಕಣ್ಣು ತಪ್ಪಿಸಿ ಹೋಗಿ ಕಲ್ಲು ಸರಸ್ತಿ. ಈ ವಯಸ್ಸಿನಾಗ ನನ್ನ ಹುಚ್ಚಿ ಮಾಡಾಕ ಹಚ್ಚೀಯೇನು?"

"ನಾ ಒಂದ ದಿನಾನೂ ಆ ಗುಡ್ಡಾ ಹತ್ತಿಲ್ರಿ ಅತ್ತಿ." ಹುಡುಗಿಯ ಕಣ್ಣು ತುಂಬಿತ್ತು. "ದಾರಿ ಸುದ್ದಾ ಗೊತ್ತಿಲ್ಲ ನನಗ. ಗುಡ್ಡದಾಗ ಆಡಾವ್ರು ಯಾರು ಅಂತ ನೀವ ಹೇಳಿಲ್ಲ."

ಆಗ ಶೇವಂತೆವ್ವ ಒಲೆಯ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ತಣ್ಣಗಿನ ಕಲ್ಲು, ಬದು, ಬಾನಿ, ಯಾವುದನ್ನೂ ಬಿಡಲಿಲ್ಲ. ಪ್ರಿಯದರ್ಶಿನಿ ಕೇಳಿ ಮುಗಿಸಿ, ಕೈಯಲ್ಲಿದ್ದ ಕಲ್ಲನ್ನು ತನ್ನಿಂದ ದೂರ ನೆಲದ ಮೇಲೆ ಇಟ್ಟಳು.

"ಬಿಟ್ಟಬಿಡ್ರಿ ಆ ಆಟಾನ."

"ನಡುವ ಬಿಟ್ರ ಅದು ಎಲ್ಲಿಗೆ ಬಂದು ಆಟ ಕೇಳತೈತೋ ಏನೋ. ಹಿಟ್ಟಿನ ಡಬ್ಬಿತನಾ ಬಂದೈತಿ."

ಸೊಸೆ ಕಣ್ಣೊರೆಸಿಕೊಂಡಳು. "ಹಂಗಾರ ಇವತ್ತ ಸಂಜಿಮುಂದ ಹುಲಿನ ಸುಮ್ಮನ ಹಿಂದಕ್ಕ ಸರಸ್ತೇನಿ. ಆಟ ಬಲ್ಲವರು ಯಾರೂ ಹಂಗ ಆಡೂದಿಲ್ಲ. ನಾಳೆ ಇಬ್ರೂ ಕೂಡೇ ಹೋಗಿ ನೋಡೂಣು."

ಹಾಗೆಯೇ ಮಾಡಿದರು. ಆ ದಿನದ ತನ್ನ ನಡೆಯನ್ನು ಶೇವಂತೆವ್ವ ಬಂಡೆಯ ಮೇಲೆ ಇಟ್ಟು ಬಂದಳು, ಸಂಜೆ ಪ್ರಿಯದರ್ಶಿನಿ ನೆಲದ ಮೇಲೆ ಹುಲಿಯನ್ನು ಹಿಂದಕ್ಕೆ ಎಳೆದಳು. ಇಬ್ಬರೂ ಬಾಗಿಲಿಗೆ ಚಿಲಕ ಹಾಕಿ ಒಂದೇ ಕೌದಿಯಲ್ಲಿ ಮಲಗಿದರು. ಮರುದಿನ ಮಧ್ಯಾಹ್ನ ಜೊತೆಯಾಗಿ ಗುಡ್ಡ ಹತ್ತಿದರು. ಬಂಡೆಯ ಮೇಲೆ ಹುಲಿ ಹಿಂದಕ್ಕೆ ಸರಿದು ಕೂತಿತ್ತು. ಪ್ರಿಯದರ್ಶಿನಿ ಅಲ್ಲೇ ಕೂತುಬಿಟ್ಟಳು.

"ಅದು ನನ್ನ ಕೈ ನೋಡಿ ಆಡಾಕತ್ತೈತ್ರಿ," ಎಂದಳು. "ಮನ್ಯಾಗ ನಮ್ಮ ಬಾಜೂಕ ಕುಂದರತೈತಿ."

ಶೇವಂತೆವ್ವ ಅವಳ ತಲೆಯ ಮೇಲೆ ಸೆರಗು ಎಳೆದಳು. "ನೋಡ್ಲಿ. ನೀ ಸೋತ್ರ ಅದೂ ಸೋಲತೈತಿ."

ಅಂದಿನಿಂದ ಸಂಜೆಯ ಆಟದಲ್ಲಿ ಪ್ರಿಯದರ್ಶಿನಿ ಸೋಲಲೆಂದೇ ಆಡಿದಳು. ನೆಲದ ಮೇಲೆ ಅವಳ ಹುಲಿಗಳು ಕುರಿಗಳ ಬಲೆಯೊಳಗೆ ತಾವಾಗಿ ನಡೆದು ಬಂದವು; ಮರುಮಧ್ಯಾಹ್ನ ಬಂಡೆಯ ಮೇಲೂ ಬಂದವು. ಆದರೆ ದಿನ ಹೋದಂತೆ ಅವಳು ಒಂದು ನಡೆಗೆ ಹೆಚ್ಚು ಹೆಚ್ಚು ಹೊತ್ತು ತೆಗೆದುಕೊಳ್ಳತೊಡಗಿದಳು. ಊಟ ಕಡಿಮೆಯಾಯಿತು. ಕರೆದರೆ ತಡೆದು ಓಗೊಡುವಳು. ಗಂಡ ಫೋನು ಮಾಡಿದಾಗ "ಆರಾಮ ಅದೇನಿ" ಎಂದಷ್ಟೇ ಹೇಳಿ ಅತ್ತೆಯ ಕೈಗೆ ಕೊಡುವಳು.

ಕೊನೆಗೆ ಎರಡು ಹುಲಿ ಕದಲದಂತೆ ಕಟ್ಟುಬಿದ್ದವು. ಮೂರನೆಯದಕ್ಕೆ ಎರಡೇ ದಾರಿ. ಒಂದು, ಕುರಿಯೊಂದನ್ನು ಹಾರಿ ತಿಂದು ಬಲೆಯಿಂದ ಹೊರಗೆ ಹೋಗುವುದು. ಇನ್ನೊಂದು, ಮೂಲೆಗೆ ಸರಿಯುವುದು. ಮೂಲೆಗೆ ಸರಿದರೆ ಇನ್ನೊಂದು ಕುರಿ ಇಟ್ಟು ಆಟ ಮುಗಿಸಬಹುದು.

ಪ್ರಿಯದರ್ಶಿನಿ ಹುಲಿಗಲ್ಲನ್ನು ಹಿಡಿದಳು. ಕೈ ಮೂಲೆಯ ಕಡೆ ಹೋಗಲಿಲ್ಲ.

"ಅತ್ತಿ, ನನ್ನ ಕೈ ಬರವಲ್ದು."

"ಅಂಜಬ್ಯಾಡ. ಮೂಲಿಗೆ ಇಡು."

"ನಾ ಇಡಾಕ ಹೊಂಟೇನ್ರಿ. ಅದು ಬಿಡವಲ್ದು."

ಅವಳ ಬೆರಳುಗಳು ಕಲ್ಲನ್ನು ಬಿಗಿಯಾಗಿ ಹಿಡಿದು ಕುರಿಯ ಕಡೆಗೆ ವಾಲುತ್ತಿದ್ದವು. ಹಣೆಯಲ್ಲಿ ಬೆವರು, ಆದರೆ ಬಾಯಿಂದ ಬರುವ ಉಸಿರು ತಣ್ಣಗೆ. ಶೇವಂತೆವ್ವ ಆಟದ ಪಟವನ್ನು ಸುತ್ತಿ ಹೋಗಿ ಸೊಸೆಯ ಹಿಂದೆ ಕೂತಳು. ಎಳೆಗರುವನ್ನು ತಬ್ಬಿದಂತೆ ಎಡಗೈಯಿಂದ ಅವಳನ್ನು ಎದೆಗೆ ಒತ್ತಿ, ಬಲಗೈಯಿಂದ ಅವಳ ಮಣಿಕಟ್ಟು ಹಿಡಿದಳು. ಮುಂಗೈಯ ಬಲವೆಲ್ಲ ಹಾಕಿ ನೂಕಬೇಕಾಯಿತು. ಅತ್ತೆಯದು ಆಡು ಎಳೆದು, ನೀರು ಹೊತ್ತು ಗಟ್ಟಿಯಾದ ಕೈ. ಎದುರಿಗೆ ಯಾರೋ ಆ ಕಡೆಗೆ ಜಗ್ಗುತ್ತಿದ್ದಂತೆ ಇತ್ತು. "ನನ್ನ ಕೂಡ ಆಡು," ಎಂದಳು ಶೇವಂತೆವ್ವ, ಖಾಲಿ ಗೋಡೆಯನ್ನು ನೋಡುತ್ತ. "ಆಟ ನನ್ನದು ನಿನ್ನದು. ಈಕಿನ್ನ ಬಿಡು."

ಕಲ್ಲು ಮೂಲೆಗೆ ತಾಗಿ ಕಟ್ ಎಂದಿತು. ಪ್ರಿಯದರ್ಶಿನಿಯ ಬೆರಳು ಸಡಿಲವಾದವು. ಅವಳು ಅತ್ತೆಯ ಎದೆಗೆ ಒರಗಿ, ಜ್ವರ ಇಳಿದ ಮಗುವಿನ ಹಾಗೆ ಅಲ್ಲೇ ನಿದ್ದೆಹೋದಳು.

ಮರುದಿನ ಶೇವಂತೆವ್ವ ಒಬ್ಬಳೇ ಗುಡ್ಡ ಹತ್ತಿದಳು. ಹುಲಿ ಮೂಲೆಯಲ್ಲಿತ್ತು. ಕೊನೆಯ ಕುರಿಯನ್ನು ಇಟ್ಟಳು. ಯಾವ ಹುಲಿಗೂ ಹೋಗಲು ದಾರಿ ಇರಲಿಲ್ಲ. "ಆಟ ಮುಗೀತು," ಎಂದಳು. "ನೀ ಛಲೋ ಆಡಿದಿ. ಇನ್ನ ನಮ್ಮ ಮನೀಗೆ ಬರಬ್ಯಾಡ." ಉತ್ತರಕ್ಕೆ ಕಾಯುವವಳಂತೆ ಒಂದಿಷ್ಟು ಹೊತ್ತು ನಿಂತಳು. ಹಿಂದೆ ಆಡೊಂದು ಕೆಮ್ಮಿತು, ಮತ್ತೊಂದು ಹುಲ್ಲಿಗೆ ಬಾಯಿ ಹಾಕಿತು. ಹುಲಿಗಲ್ಲನ್ನು ಮುಟ್ಟಿದಾಗ, ಬಿಸಿಲಿಗೆ ಕಾದಿದ್ದ ಅದು ಬೆರಳು ಸುಟ್ಟಿತು. ಬಿಳಿಕಲ್ಲುಗಳನ್ನು ಉಡಿಯಲ್ಲಿ ಕಟ್ಟಿಕೊಂಡು, ಕರಿಕಲ್ಲುಗಳನ್ನು ಅಲ್ಲೇ ಬಿಟ್ಟು ಇಳಿದಳು. ಮತ್ತೆ ಆ ಬಂಡೆಗೆ ಹೋಗಲಿಲ್ಲ.

ಮಳೆ ಬಿದ್ದ ಮೇಲೆ ಗಂಡಸರು ಕುರಿ ಹೊಡೆದುಕೊಂಡು ಬಂದರು. ಅವರಿಗೆ ಇಬ್ಬರೂ ಏನೂ ಹೇಳಲಿಲ್ಲ. ಅತ್ತೆ-ಸೊಸೆ ಇಷ್ಟು ಹೊಂದಿಕೊಂಡದ್ದು ಹೇಗೆಂದು ಮಾಳಿಂಗರಾಯ ಒಂದೆರಡು ಸಲ ಬೆರಗಿನಿಂದ ನೋಡಿದ. ದಸರೆಯ ಸೂಟಿಯಲ್ಲಿ ಪ್ರಿಯದರ್ಶಿನಿ ಓಣಿಯ ಹುಡುಗಿಯರನ್ನೂ ಅವರ ತಾಯಂದಿರನ್ನೂ ಮನೆಯ ಕಟ್ಟೆಗೆ ಕರೆದು ಕೂರಿಸಿದಳು. ಶೇವಂತೆವ್ವ ಹುಣಸೆ ಬೀಜ, ಕಡ್ಲೆಕಾಳು ಇಟ್ಟು ಅವರಿಗೆ ಆಟ ಕಲಿಸಿದಳು. ನೆರೆಯ ಸಿದ್ದವ್ವ ನಾಲ್ಕೇ ದಿನದಲ್ಲಿ ಅವಳನ್ನು ಸೋಲಿಸಿ ಓಣಿಗೆಲ್ಲ ಹೇಳಿಕೊಂಡು ಬಂದಳು. ಶೇವಂತೆವ್ವ ಮೂರು ದಿನ ಅವಳ ಕೂಡ ಮಾತು ಬಿಟ್ಟಳು, ನಾಲ್ಕನೆಯ ದಿನ ತಾನೇ ಹೋಗಿ ಆಟಕ್ಕೆ ಕರೆದಳು.

ಒಂದು ಮಧ್ಯಾಹ್ನ ಎಲ್ಲರೂ ಎದ್ದು ಹೋದ ಮೇಲೆ ಅತ್ತೆ-ಸೊಸೆ ಪಡಸಾಲೆಯಲ್ಲಿ ಕೂತು ಬೀಜ ಆರಿಸಿಡುತ್ತಿದ್ದರು. ಶೇವಂತೆವ್ವ ಬಹಳ ದಿನ ಒಳಗೇ ಇಟ್ಟುಕೊಂಡಿದ್ದನ್ನು ಹೇಳಿದಳು.

"ಅಂಜಿಕಿ ಆಗಿದ್ದು ಖರೇ ಪ್ರಿಯಾ. ಆದ್ರ ಹುಟ್ಟಿದಾಗಿಂದ ನನ್ನ ಎದುರಿಗೆ ಮೊದಲ ಕೂತು ಆಡಿದ್ದು ಅದ ನೋಡು. ಒಮ್ಮೊಮ್ಮೆ ನೆನಪಾಗತೈತಿ."

ಪ್ರಿಯದರ್ಶಿನಿಯ ಕೈ ನಿಂತಿತು. "ಹಂಗ ಅನಬ್ಯಾಡ್ರಿ ಅತ್ತಿ," ಎಂದಳು ಮೆಲ್ಲಗೆ. "ಕೇಳಿಸ್ಕೋತೈತಿ."

ಎದ್ದು ಹೋಗಿ, ನಡುಹಗಲೇ ಆಗಿದ್ದರೂ, ಹಿತ್ತಲ ಬಾಗಿಲಿಗೆ ಅಗಳಿ ಹಾಕಿ ಬಂದಳು.