ಕಾಕುವಿನ ಕಾಲ್ಗುಣ

ಕಾಕುವಿನ ಪಾದಗಳು ದೊಡ್ಡವು. ಜರ್ಮನಿಯ ರೇಗನ್ಸ್‌ಬರ್ಗಿನಲ್ಲಿ ಯಾವ ಶೂ ಅಂಗಡಿಗೆ ಹೋದರೂ ಹೆಂಗಸರ ಸಾಲನ್ನು ತಿರುಗಿಯೂ ನೋಡದೆ ನೇರ ಗಂಡಸರ ಕಡೆಗೆ ನಡೆಯುತ್ತಿದ್ದರು. ಮನೆಯಲ್ಲಿ ಕಾಲ್ಚೀಲದ ಮೇಲೊಂದು ಕಾಲ್ಚೀಲ, ಅದೂ ಒಂದಕ್ಕೊಂದು ಜೋಡಿಯಲ್ಲದ್ದು, ಅದರ ಮೇಲೆ ಉಣ್ಣೆಯ ಚಪ್ಪಲಿ. ನಮ್ಮದು ಮರದ ನೆಲದ ಹಳೆಯ ಕಟ್ಟಡ. ಅವರು ಕೆಳಗಿನ ಮನೆಯಲ್ಲಿ ಅಡುಗೆಮನೆಯಿಂದ ಹಾಲ್‌ಗೆ ನಡೆದರೆ ಮೇಲಿದ್ದ ನಮಗೆ ಥಪ್ ಥಪ್ ಎಂದು ಕೇಳುತ್ತಿತ್ತು. "ನಮ್ಮಪ್ಪ ಅಂತಿದ್ರು, ಈ ಹುಡುಗಿ ಎಂಥಾ ಗಾಳಿಗೂ ಬೀಳಂಗಿಲ್ಲ ಅಂತ," ಎಂದು ತಾವೇ ನಗುತ್ತಿದ್ದರು.

ಕಾಕು ಎಂದರೆ ಧಾರವಾಡದ ಕಡೆ ಚಿಕ್ಕಮ್ಮ. ನನಗೆ ಅವರು ಯಾವ ಕಡೆಯಿಂದಲೂ ನೆಂಟರಲ್ಲ. ನಾನು ಮೈಸೂರಿನವಳು, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ. ಅವರು ಮೂಳೆ ಡಾಕ್ಟರು, ನಾನೂ ನನ್ನ ಗಂಡನೂ ಇಲ್ಲಿಗೆ ಬರುವ ಹೊತ್ತಿಗೆ ನಿವೃತ್ತರಾಗಿದ್ದರು. ಜರ್ಮನಿಯಲ್ಲಿ ದಶಕಗಳಿಂದ ಇದ್ದವರು, ಅವರು ಜರ್ಮನ್ನಿನಲ್ಲಿ ಬಯ್ಯುವಷ್ಟು ಚೆನ್ನಾಗಿ ನಾನು ಕನ್ನಡದಲ್ಲೂ ಬಯ್ಯಲಾರೆ. ಆದರೆ ಬಾಯಿಂದ ಧಾರವಾಡ ಒಂದಿಷ್ಟೂ ಸವೆದಿರಲಿಲ್ಲ.

ಪರಿಚಯವಾದದ್ದು ಒಂದು ಗಲಾಟೆಯಿಂದ. ನಾವು ಹೊಸದಾಗಿ ಬಂದಿದ್ದ ವರ್ಷದ ಚಳಿಗಾಲ, ಭಾನುವಾರ. ಕೆಳಗಿನಿಂದ ಒಬ್ಬ ಹೆಂಗಸು "ಏಳ! ಏಳ ಯವ್ವಾ! ಲಗೂನ ಏಳ!" ಎಂದು ಕೂಗುವುದು ಕೇಳಿಸಿತು. ಅಯ್ಯೋ, ಯಾರೋ ಬಿದ್ದಿದ್ದಾರೆ, ಅದೂ ಕನ್ನಡದವರು ಎಂದು ನಾನು ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದೆ. ಬಾಗಿಲು ತೆರೆದವರು ನನ್ನನ್ನು ಯಾರೆಂದೂ ಕೇಳಲಿಲ್ಲ. "ಬಾ, ಬಾ, ಇನ್ನೂ ಒಬ್ಬಾಕಿ ಇಳಿಯಾಕಿ ಇದ್ದಾಳ," ಎಂದು ಒಳಗೆ ಎಳೆದು ಕೂರಿಸಿದರು. ಎದುರಿಗೆ ಒಂದು ಟ್ಯಾಬ್ಲೆಟ್. ಅದರಲ್ಲಿ ಚಿತ್ರವೂ ಇಲ್ಲ, ಗಿತ್ರವೂ ಇಲ್ಲ, ಬರೀ ಹೆಸರು ಮತ್ತು ಅಂಕಿ. ಒಂದು ಹೆಸರಿನ ಪಕ್ಕ ನಮ್ಮ ಧ್ವಜದ ಮೂರು ಬಣ್ಣ, ಅದರ ಮುಂದೆ ಸಮಯದ ಬದಲು "ಪೂರ್ಣಗೊಳಿಸಲಿಲ್ಲ" ಎಂಬ ಜರ್ಮನ್ ಪದ. ಇವರು ಏಳು ಎಂದು ಕೂಗುತ್ತಿದ್ದದ್ದು ಆ ಹೆಸರಿಗೆ.

ಹಿಮದ ಬೆಟ್ಟದಿಂದ ಜಾರಿ ಇಳಿಯುವ ಆಲ್ಪೈನ್ ಸ್ಕೀಯಿಂಗ್ ಆಟಕ್ಕೆ ಭಾರತದ್ದೂ ಒಂದು ತಂಡವಿದೆ ಎಂದು ನನಗೆ ತಿಳಿದದ್ದೇ ಆವತ್ತು. ಚಳಿಗಾಲದಲ್ಲಿ ಇಲ್ಲಿ ಸ್ಕೀಯಿಂಗ್ ಎಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ. ಜರ್ಮನ್ ತಂಡದ ಪದಕಗಳ ಕಥೆಯನ್ನು ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಮ್ಮವರದು ಹಾಗಲ್ಲ. ಒಳ್ಳೆಯವರೆಲ್ಲ ಮೊದಲು ಇಳಿಯುತ್ತಾರೆ, ನಮ್ಮವರು ಕಟ್ಟಕಡೆಗೆ. ಅಷ್ಟರಲ್ಲಿ ಟಿವಿಯವರು ಗೆದ್ದವರ ಸಂದರ್ಶನವನ್ನೂ ಮುಗಿಸಿ ಬೇರೆ ಕಾರ್ಯಕ್ರಮಕ್ಕೆ ಹೋಗಿರುತ್ತಾರೆ. "ಟಿವಿಯವರು ಅಂಗಡಿ ಮುಚ್ಚಿದ ಮ್ಯಾಲೆ ನಮ್ಮ ರೇಸ್ ಶುರು," ಎನ್ನುತ್ತಿದ್ದರು ಕಾಕು.

ನಮ್ಮ ಕಟ್ಟಡದ ಹೌಸ್‌ಮೈಸ್ಟರ್, ಅಂದರೆ ಉಸ್ತುವಾರಿಯವನು, ಪ್ರತಿ ಸೋಮವಾರ ಕಸದ ಡಬ್ಬಿಗಳ ಹತ್ತಿರ ನಿಂತು ಛೇಡಿಸುತ್ತಿದ್ದ. "ಡಾಕ್ಟರ್, ನಿಮ್ಮ ಇಂಡಿಯಾ ಹೇಗೆ ಮಾಡಿತು?" ಕಾಕು ಮುಖದಲ್ಲಿ ನಗುವಿಲ್ಲದೆ ಜರ್ಮನ್ನಿನಲ್ಲಿ ವರದಿ ಒಪ್ಪಿಸುತ್ತಿದ್ದರು: "ಎರಡೂ ಮೊಣಕಾಲು ಕ್ಷೇಮ." ಅವರ ಪ್ರಕಾರ ತಂಡದ ದಾಖಲೆಯೆಂದರೆ ಮೊದಲು ಅದು.

ಈ ಹುಚ್ಚು ಹಿಡಿದದ್ದು ಆಸ್ಪತ್ರೆಯಲ್ಲಿ. ಸ್ಕೀಯಿಂಗ್ ತರಬೇತಿಗೆ ಬಂದಿದ್ದ ನಮ್ಮ ದೇಶದ ಗುಡ್ಡಗಾಡಿನ ಹುಡುಗನೊಬ್ಬ ಮೊಣಕಾಲು ಮುರಿದುಕೊಂಡು ಇವರ ಕೈಗೆ ಬಂದನಂತೆ. ಯಾವಾಗ ನಡೆದಾಡಬಹುದು ಎಂದು ಅವನು ಕೇಳಲಿಲ್ಲ. ಒಂದು ರೇಸಾದರೂ ಪೂರ್ತಿ ಇಳಿದು ಮುಗಿಸಬೇಕಿತ್ತು ಮೇಡಂ ಎಂದು ಅತ್ತನಂತೆ. ಅಂದಿನಿಂದ ಕಾಕು ಪ್ರತಿ ಚಳಿಗಾಲ, ನಮ್ಮವರು ಇಳಿಯುವ ಪಂದ್ಯ ಬವೇರಿಯಾದ ಬೆಟ್ಟಗಳಲ್ಲಿ ಎಲ್ಲಿದ್ದರೂ ಡಬ್ಬಿಯಲ್ಲಿ ಹಚ್ಚಿದ ಅವಲಕ್ಕಿ ತುಂಬಿಕೊಂಡು ಹೋಗುತ್ತಿದ್ದರು. ಆಮೇಲಾಮೇಲೆ ನಾನೇ ಡ್ರೈವರ್. ಚಳಿ ಎಂದರೆ ನನಗೆ ಮೈಯೆಲ್ಲ ಉರಿ, ದಾರಿಯುದ್ದಕ್ಕೂ ಗೊಣಗುತ್ತಿದ್ದೆ. "ಗೊಣಗ, ಗೊಣಗ, ಗಾಡಿ ಬೆಚ್ಚಗಾಗ್ತದ," ಎನ್ನುತ್ತಿದ್ದರು.

ಅವರಿಗಿದ್ದ ಆಸೆ ಒಂದೇ. ನಮ್ಮವರೊಬ್ಬರು ಕೊನೆಯ ಗೆರೆ ದಾಟುವುದನ್ನು ಕಣ್ಣಾರೆ ನೋಡಬೇಕು. ಬೇರೆ ಕಡೆ ಮುಗಿಸಿದವರಿದ್ದರು, ಕಾಕುವಿಗೆ ಗೊತ್ತಿತ್ತು. ಆದರೆ ಇವರು ಹೋಗಿ ನಿಂತಲ್ಲೆಲ್ಲ ಒಬ್ಬರು ಬಿದ್ದರು, ಇನ್ನೊಬ್ಬರು ದಾರಿಗೆ ನೆಟ್ಟ ಕಂಬ ತಪ್ಪಿಸಿ ಹೊರಗಾದರು, ಮತ್ತೊಬ್ಬರಿಗೆ ಬೆಳಿಗ್ಗೆಯೇ ಜ್ವರ. ಒಂದು ಸಲ ವಾಪಸು ಬರುವಾಗ ಕಾರಿನಲ್ಲಿ ಕಿಟಕಿಯ ಕಡೆ ನೋಡುತ್ತ ಹೇಳಿದರು:

"ನನ್ನ ಕಾಲ್ಗುಣ ಛಲೋ ಇಲ್ಲವಾ."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಮದುವೆಯಾಗಿ ಗಂಡನ ಜೊತೆ ಈ ದೇಶಕ್ಕೆ ಬಂದ ಮೊದಲ ಚಳಿಗಾಲ ಕಳೆಯುವ ಮುಂಚೆಯೇ ಆತ ಹೃದಯಾಘಾತದಿಂದ ತೀರಿಕೊಂಡಿದ್ದ. ಊರಿಗೆ ಹೋದಾಗ ಅತ್ತೆಮನೆಯ ಪಡಸಾಲೆಯಲ್ಲಿ ಯಾರೋ ಇವರಿಗೆ ಕೇಳುವ ಹಾಗೆಯೇ ಅಂದರಂತೆ, ಎಂಥಾ ಕಾಲ್ಗುಣದಾಕಿ ಮನಿ ಹೊಕ್ಕಳು ಅಂತ. ಇವರು ವಾಪಸು ಬಂದರು, ಡಾಕ್ಟರಿಕೆ ಓದಿದರು, ಜೀವಮಾನವಿಡೀ ಮಂದಿಯ ಕಾಲು ಸರಿ ಮಾಡಿದರು. "ಡಾಕ್ಟರ್ ಇದ್ದೇನಿ, ಇಂಥಾದ್ದೆಲ್ಲಾ ಸುಳ್ಳು ಅಂತ ಗೊತ್ತದ. ಆದ್ರ ಅವರು ಬಿದ್ದಾಗ ಪಟಕ್ಕನ ಅದ ಮಾತು ನೆನಪಾಗ್ತದ. ಏನ್ ಮಾಡ್ಲಿ?"

ನನಗೆ ಬಂದ ಕೋಪಕ್ಕೆ ಆ ಪಡಸಾಲೆ ಪಕ್ಕದಲ್ಲಿದ್ದಿದ್ದರೆ ಕಾರು ಅಲ್ಲಿಗೇ ತಿರುಗಿಸುತ್ತಿದ್ದೆ. ಮಾತು ಆಡಿದವರು ಯಾವತ್ತೋ ಮರೆತು ಸುಖವಾಗಿ ಉಂಡು ಮಲಗಿರುತ್ತಾರೆ. ಇವರು ಅದನ್ನು ಇಷ್ಟು ವರ್ಷ, ಇಷ್ಟು ದೂರ ಹೊತ್ತುಕೊಂಡು ಬಂದಿದ್ದರು.

ಮರುವರ್ಷದ ಚಳಿಗಾಲದಲ್ಲಿ ಒಂದು ಸಣ್ಣ ಅಂತರರಾಷ್ಟ್ರೀಯ ಸ್ಲಾಲಮ್ ಪಂದ್ಯವಿತ್ತು. ಇಳಿಜಾರಿನಲ್ಲಿ ಕೆಂಪು, ನೀಲಿ ಕಂಬಗಳನ್ನು ನೆಟ್ಟಿರುತ್ತಾರೆ, ಒಂದನ್ನೂ ತಪ್ಪಿಸದೆ ಅಂಕುಡೊಂಕಾಗಿ ಇಳಿಯಬೇಕು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ. ಎರಡೂ ಮುಗಿಸಿದರೆ ಮಾತ್ರ ಫಲಿತಾಂಶದಲ್ಲಿ ಹೆಸರು. ನಮ್ಮ ತಂಡದಿಂದ ಹಿಮಾಚಲದ ಒಬ್ಬಳೇ ಹುಡುಗಿ. ಅಲ್ಲಿಗೆ ತಲುಪಿ ಕೊನೆಯ ಗೆರೆಯ ಹಿಂದೆಯೇ ಕಾರು ನಿಲ್ಲಿಸಿದರೂ ಕಾಕು ಇಳಿಯಲೇ ಇಲ್ಲ.

"ನೀ ಹೋಗಿ ನೋಡಿ ಫೋನಿನಾಗ ಹೇಳ. ನಾ ಇಲ್ಲೇ ಕೂಡ್ತೇನಿ."

ಎಷ್ಟು ಹೇಳಿದರೂ ಕೇಳಲಿಲ್ಲ. ನಾನು ಹಲ್ಲು ಕಟಕಟಿಸುತ್ತ ಕೊನೆಯ ಗೆರೆಯ ಹತ್ತಿರ ನಿಂತೆ. ಹುಡುಗಿ ಎಲ್ಲರಿಗಿಂತ ಕಡೆಗೆ ಬಂದಳು, ನಿಧಾನವಾಗಿ, ಆದರೆ ಒಂದು ಕಂಬವನ್ನೂ ತಪ್ಪಿಸದೆ ಇಳಿದುಬಿಟ್ಟಳು. ನಾನು ಫೋನಿನಲ್ಲಿ ಕಿರುಚಿದೆ. ಆ ಕಡೆಯಿಂದ ಬಂದ ಧ್ವನಿಯಲ್ಲಿ ಸಂತೋಷವೂ ಇತ್ತು, ಇನ್ನೊಂದೂ ಇತ್ತು. "ನೋಡಿದ್ಯಾ? ನಾ ಇರಲಿಲ್ಲ, ಬಂದ್ಲು."

ಮಧ್ಯಾಹ್ನವೂ ಅವಳು ಹೀಗೇ, ಕಾಕು ನೋಡದಿದ್ದಾಗ, ಇಳಿದುಬಿಟ್ಟರೆ ಈ ಮುದುಕಿ ಆ ಮಾತನ್ನು ಸಾಯುವವರೆಗೂ ನಂಬುತ್ತಾರಲ್ಲ ಎನಿಸಿತು.

ಮಧ್ಯಾಹ್ನದ ಸುತ್ತಿನಲ್ಲೂ ಅವಳದೇ ಕೊನೆ. ಅಷ್ಟರಲ್ಲಿ ಕೆಲಸದವರು ಅಂಚಿನ ಬಲೆಗಳನ್ನು ಸುತ್ತಲು ಶುರುಮಾಡಿದ್ದರು. ಅವಳು ಇಳಿದಳು, ಅರ್ಧ ದಾಟಿದಳು, ನಾನು ಫೋನಿನಲ್ಲಿ "ಬರ್ತಿದ್ದಾಳೆ, ಚೆನ್ನಾಗಿ ಬರ್ತಿದ್ದಾಳೆ" ಎನ್ನುತ್ತಿದ್ದ ಹಾಗೆಯೇ ಒಂದು ನೀಲಿ ಕಂಬ ತಪ್ಪಿತು. ಆ ಕಂಬದಿಂದ ಸ್ವಲ್ಪ ಕೆಳಗೆ ಜಾರಿ ನಿಂತಳು.

"ಏನಾತು? ಯಾಕ ಸುಮ್ಮನಾದಿ?"

"ಕಾಕು, ಕಂಬ ತಪ್ಪಿಸಿಬಿಟ್ಲು!" ಎಂದವಳಿಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. "ನೀವು ಇಲ್ಲೇ ಇಲ್ವಲ್ಲ! ಕಾರಲ್ಲಿ ಕೂತಿದ್ದೀರ, ಆದ್ರೂ ತಪ್ಪಿಸಿದ್ಲು! ನಿಮ್ಮ ಕಾಲಿಗೂ ಅವಳ ಕಾಲಿಗೂ ಏನ್ರೀ ಸಂಬಂಧ?"

"ಬಿದ್ದಾಳೇನು?"

"ಇಲ್ಲ, ನಿಂತಿದ್ದಾಳೆ."

"ನಿಂತಾಳ? ಹಂಗಾರ ಇನ್ನೂ ಮುಗಿದಿಲ್ಲ! ಸ್ಲಾಲಮ್ಮಿನಾಗ ವಾಪಸ್ ಹತ್ತಿ ಆ ಕಂಬ ಸುತ್ತಿ ಬರಬಹುದು. ಹತ್ತಂತ ಹೇಳ ಆಕಿಗೆ!"

"ನೀವೇ ಬಂದು ಹೇಳಿ!"

ಫೋನು ಕಟ್ಟಾಯಿತು. ಹಿಂದಿನಿಂದ ಹಿಮದ ಮೇಲೆ ಥಪ್ ಥಪ್ ಸದ್ದು. ಶಾಲು ನೆಲಕ್ಕೆ ಎಳೆಯುತ್ತ, ಗಂಡಸರ ಬೂಟಿನಲ್ಲಿ ಕಾಕು ಬಂದರು. ಬೇಲಿಗೆ ಎದೆಯಾನಿಸಿ ನಿಂತು, ಬೆಟ್ಟ ನಡುಗುವಂತೆ ಕೂಗಿದರು: "ಹತ್ತ! ಮ್ಯಾಲೆ ಹತ್ತ ಯವ್ವಾ! ಬಿಡಬ್ಯಾಡ!"

ಹುಡುಗಿಗೆ ನಿಯಮ ಗೊತ್ತೇ ಇತ್ತು, ಎರಡು ಹೆಜ್ಜೆ ಆಗಲೇ ಹತ್ತಿದ್ದಳು. ಆದರೆ ಆ ಕೂಗಿಗೆ ಒಮ್ಮೆ ತಲೆಯೆತ್ತಿ ನೋಡಿದಳು. ಆಮೇಲೆ ಅಡ್ಡಡ್ಡ ಕಾಲಿಡುತ್ತ, ಉಸಿರು ಬಿಡುತ್ತ ಹತ್ತಿದಳು. ಬಲೆ ಸುತ್ತುತ್ತಿದ್ದವರು ಕೈಬಿಟ್ಟು ನಿಂತರು. ಅವರೂ "ಹಾಪ್, ಹಾಪ್!" ಎಂದು ಹುರಿದುಂಬಿಸತೊಡಗಿದರು. ಅವಳು ನೀಲಿ ಕಂಬ ಸುತ್ತಿದಳು, ಮುಂದಿನದು, ಅದರ ಮುಂದಿನದು, ಗೆರೆ ದಾಟಿದಳು.

ಫಲಕದ ಕಟ್ಟಕಡೆಯ ಸಾಲಿನಲ್ಲಿ ಅವಳ ಹೆಸರು ಬಂತು. ಮುಂದೆ ಸಮಯ, ಗೆದ್ದವಳು ಅಷ್ಟರಲ್ಲಿ ಒಂದು ಲೋಟ ಕಾಫಿ ಕುಡಿಯಬಹುದಾಗಿದ್ದಂಥ ಸಮಯ. ಕಾಕು ಅದನ್ನು ನೋಡಿದರು, ಆಮೇಲೆ ತಲೆ ಬಗ್ಗಿಸಿ ತಮ್ಮ ಬೂಟುಗಳನ್ನು ನೋಡಿಕೊಂಡರು. ಸಣ್ಣ ಹುಡುಗಿಯ ಹಾಗೆ ಕೇಳಿದರು, "ಇವು ಏನೂ ಮಾಡಿಲ್ಲ ಅಲ್ಲಾ?"

"ಏನೂ ಮಾಡಿಲ್ಲ ಕಾಕು. ಯಾವತ್ತೂ ಮಾಡಿರಲಿಲ್ಲ," ಎಂದೆ. ಇಬ್ಬರೂ ಚೆನ್ನಾಗಿ ಅತ್ತೆವು. ಆ ಚಳಿಯಲ್ಲಿ ಕಣ್ಣೀರೊಂದೇ ಬೆಚ್ಚಗಿತ್ತು.

ಹುಡುಗಿ ಹತ್ತಿರ ಬಂದಾಗ ಕಾಕು ಮೊದಲು ಬಗ್ಗಿ ಅವಳ ಎರಡೂ ಮೊಣಕಾಲು ಒತ್ತಿ ನೋಡಿದರು, ಆಮೇಲೆ ಅಪ್ಪಿಕೊಂಡರು. ಏನೆಂದು ಕೂಗಿದಿರಿ ಎಂದು ಅವಳು ಹಿಂದಿಯಲ್ಲಿ ಕೇಳಿದಳು. ಕಾಕು ಹೇಳಿದರು. ಎಲ್ಲರೂ ನನಗೆ ಇಳಿ ಇಳಿ ಅಂತಲೇ ಕೂಗೋದು, ಹತ್ತು ಅಂದವರು ನೀವೊಬ್ಬರೇ ಎಂದು ನಕ್ಕು, ಡಬ್ಬಿಯ ಅವಲಕ್ಕಿಯನ್ನು ಪೂರ್ತಿ ತಿಂದಳು. ಸೋಮವಾರ ಹೌಸ್‌ಮೈಸ್ಟರ್ ಎಂದಿನಂತೆ ಕೇಳಿದ. "ಎರಡೂ ಮೊಣಕಾಲು ಕ್ಷೇಮ," ಎಂದ ಕಾಕು, ಕಸದ ಡಬ್ಬಿಯ ಮುಚ್ಚಳ ಹಾಕಿ, "ಮತ್ತೆ, ಫಲಿತಾಂಶದಲ್ಲಿ ಹೆಸರಿದೆ," ಎಂದರು. ಅವನು ಟೋಪಿ ತೆಗೆದು ಕೈಕುಲುಕಿದ.

ಮಾರನೆಯ ವರ್ಷ ನಾವು ಊರಾಚೆ ಸ್ವಂತದ್ದೊಂದು ಸಣ್ಣ ಮನೆ ಕೊಂಡೆವು. ಗೃಹಪ್ರವೇಶಕ್ಕೆ ಮೈಸೂರಿನಿಂದ ಅಮ್ಮ ಬಂದಿದ್ದರು, ಪುರೋಹಿತರು ವಿಡಿಯೊ ಕಾಲಿನಲ್ಲಿ. ಹೊಸಿಲ ಮುಂದೆ ನಿಂತಾಗ ಕಾಕು ತಾವಾಗಿಯೇ ಹಿಂದೆ ಸರಿದು ಗೇಟಿನ ಹತ್ತಿರ ನಿಂತರು. ಅಷ್ಟು ವರ್ಷ ಇಲ್ಲಿದ್ದರೂ ಆ ಅಭ್ಯಾಸ ಹೋಗಿರಲಿಲ್ಲ. ನಾನು ಹೋಗಿ ಅವರ ಕೈ ಹಿಡಿದೆ.

"ಕಾಕು, ಮೊದಲು ನೀವು."

"ಹುಚ್ಚಿ, ಏನ್ ಮಾತಾಡ್ಲಿಕ್ಕತ್ತೀ? ನೀವಿಬ್ರೂ ಹೋಗ್ರಿ."

ಅಮ್ಮ ನನ್ನ ಸೆರಗು ಜಗ್ಗಿ, "ಶಾಸ್ತ್ರ ಅಂತ ಒಂದಿದೆ ಕಣೇ, ಅವರನ್ನ ಆಮೇಲೆ ಕರಿ," ಎಂದು ಪಿಸುಗುಟ್ಟಿದರು. "ಹಾಗಾದ್ರೆ ನಾನೂ ಇಲ್ಲೇ ನಿಂತಿರ್ತೀನಿ, ಶಾಸ್ತ್ರನೇ ಮೊದಲು ಹೋಗ್ಲಿ," ಎಂದೆ, ಪುರೋಹಿತರಿಗೂ ಕೇಳುವ ಹಾಗೆ. ಅಮ್ಮ ನನ್ನನ್ನು ನೋಡಿದರು, ಕಾಕುವನ್ನು ನೋಡಿದರು. ಆಮೇಲೆ ಆರತಿ ತಟ್ಟೆ ಎತ್ತಿಕೊಂಡು, "ಬಲಗಾಲಿಟ್ಟು ಬನ್ನಿ," ಎಂದು ಕಾಕುವನ್ನೇ ಕರೆದರು.

ಕಾಕು ಬೂಟು ಬಿಚ್ಚಿ, ಜೋಡಿಯಲ್ಲದ ಕಾಲ್ಚೀಲಗಳನ್ನೂ ಬಿಚ್ಚಿ, ತಮ್ಮ ಆ ದೊಡ್ಡ ಪಾದವನ್ನು ನಮ್ಮ ಮನೆಯೊಳಗೆ ಇಟ್ಟರು.

ಹೋದ ವರ್ಷದ ವಸಂತದಲ್ಲಿ ಅವರು ನಿದ್ದೆಯಲ್ಲೇ ತೀರಿಕೊಂಡರು. ಈ ಚಳಿಗಾಲವೂ ನಾನು ಗೊಣಗಿಕೊಂಡೇ ಬೆಟ್ಟಕ್ಕೆ ಹೋಗಿ, ಕೊನೆಯವರು ಇಳಿಯುವವರೆಗೆ ನಿಂತು ಬಂದೆ. ನಮ್ಮ ಮನೆಯಲ್ಲಿ ಇಲ್ಲಿಯವರೆಗೆ ಎಲ್ಲ ಸುಖವಾಗಿದೆ. ಒಂದು ಸಲ ಹೀಟರ್ ಕೆಟ್ಟಿತ್ತು, ಅದು ಅದನ್ನು ಜೋಡಿಸಿದವನ ಕೈಗುಣ.