ಎತ್ತರ ನಿಲ್ಲಿಸುವ ಔಷಧ

ಗೆಳೆಯರೇ, ಇವತ್ತು ಸಿಂಧನೂರಿನ ದವಾಖಾನೆಯಲ್ಲಿ ಒಂದು ಲಗ್ನ ಕುದುರಿತು. ತುರ್ವಿಹಾಳದ ನನ್ನ ಅಕ್ಕನ ಮಗಳು ನಿಂಗವ್ವನಿಗೆ ಇಪ್ಪತ್ತು ವರ್ಷ. ನೋಡಲು ಬಂದ ವರನಿಗಿಂತ ನಾಲ್ಕು ಬೆರಳು ಎತ್ತರ. "ಹುಡುಗಿ ಇನ್ನಾ ಬೆಳದ್ರ ಹೆಂಗ?" ಎಂದು ವರನ ತಾಯಿ ಎದ್ದು ಹೋಗಿದ್ದಳು. ಅಂದಿನಿಂದ ನಿಂಗವ್ವ ಬಾಗಿಯೇ ನಡೆಯುತ್ತಿದ್ದಳು. ಬೆಳವಣಿಗೆ ನಿಲ್ಲಿಸುವ ಔಷಧ ಕೇಳಲು ಅಕ್ಕ ನಮ್ಮಿಬ್ಬರನ್ನೂ ಎಳೆದುಕೊಂಡು ಬಂದಿದ್ದಳು.

"ಔಷಧ ಯಾಕವ್ವ?" ಎಂದರು ಡಾಕ್ಟರು. "ಎಲುಬಿನ ತುದಿಯಾಗ ಮೆತ್ತನ ಭಾಗ ಇರತೈತಿ, ಎಲುಬು ಬೆಳೆಯೂದು ಅಲ್ಲೇ. ಅದು ಗಟ್ಟಿ ಆತಂದ್ರ ಮುಗೀತು. ಹೆಣ್ಮಕ್ಕಳಿಗೆ ಹದಿನಾರರ ಸುಮಾರಿಗೆ ನಿಲ್ಲತೈತಿ."

"ಗಂಡಮಕ್ಕಳಿಗೆ?" ನಿಂಗವ್ವ ಮೆಲ್ಲಗೆ ಕೇಳಿದಳು.

"ಹದಿನೆಂಟು, ಹೆಚ್ಚಂದ್ರ ಇಪ್ಪತ್ತು."

ಹೊರಗೆ ಬಂದರೆ ಬೆಂಚಿನ ಮೇಲೆ ಅದೇ ವರ! ಬಳಗಾನೂರಿನ ಬಸಪ್ಪ, ಹೊಸ ಕಾಲುವೆಯ ಮೇಸ್ತ್ರಿ, ಇಪ್ಪತ್ತಾರರ ಗಂಡಸು, ಎತ್ತರವಾಗುವ ಟಾನಿಕ್ ಕೇಳಲು ಬಂದಿದ್ದ.

"ಕೇಳಬ್ಯಾಡ್ರಿ," ಎಂದಳು ನಿಂಗವ್ವ. "ನಿಮ್ಮ ಎಲುಬೂ ಗಟ್ಟಿ ಆಗ್ಯಾವಂತ."

ಬಸಪ್ಪ ನಾಚಿ ನಕ್ಕು, ಸರಿದು ಜಾಗ ಕೊಟ್ಟ. ಅವಳು ಕೂತಳು. ಪಕ್ಕಕ್ಕೆ ತಿರುಗಿ ನೋಡಿದವನೇ ಅಕ್ಕನಿಗೆ ಹೇಳಿದ: "ಲಗ್ನ ಗೊತ್ತು ಮಾಡ್ರಿ ಅತ್ತಿ. ಅವ್ವಗ ನಾ ಹೇಳ್ತೀನಿ. ಕುಂತಾಗ ಇಬ್ರೂ ಸಮಾನ ಅದೀವಿ."

ತಾಳಿಯನ್ನು ಹೇಗೂ ಕುಳಿತೇ ಕಟ್ಟುತ್ತಾರೆ.