ಹಗ್ಗ ಕೊಡದೆ ಮಾರಿದ ಕಂಪ್ಯೂಟರು

ನನ್ನ ಹಳೆಯ ಕಂಪ್ಯೂಟರುಗಳಲ್ಲೆಲ್ಲ ಅದೇ ಚಿಕ್ಕದು. ಕೀಲಿಮಣೆಯೇ ಇಡೀ ಯಂತ್ರ. ಅದರಿಂದ ಟೀವಿಗೆ ಒಂದು ವೈರು, ಟೇಪ್ ರೆಕಾರ್ಡರಿಗೆ ಒಂದು, ಕರೆಂಟಿಗೆ ಒಂದು. ಪ್ರೋಗ್ರಾಮು ತುಂಬಿದ ಕ್ಯಾಸೆಟ್ ಹಾಕಿದರೆ ಮೊದಲು ಉದ್ದಕ್ಕೆ ಕೂಗುತ್ತದೆ, ಆಮೇಲೆ ಕರಕರ ಎನ್ನುತ್ತದೆ. ಟೀವಿಯ ಅಂಚಿನಲ್ಲಿ ನೀಲಿ, ಹಳದಿ ಪಟ್ಟೆಗಳು ಹರಿಯತೊಡಗುತ್ತವೆ. ಪಾಂಡವಪುರದ ನಮ್ಮ ಮನೆಯಲ್ಲಿ ಸಂಜೆ ಅದನ್ನು ನೋಡುತ್ತ ಕುಳಿತರೆ, ಹಿತ್ತಲಾಚೆಯ ನಾಲೆಯ ನೀರೇ ಟೀವಿಯೊಳಕ್ಕೆ ತಿರುಗಿದೆಯೇನೋ ಅನ್ನಿಸುತ್ತಿತ್ತು.

ಕೈ ನಡುಗಲು ಶುರುವಾದ ಮೇಲೆ ನನ್ನಿಂದ ಬೆಸುಗೆ ಹಾಕಲಾಗಲಿಲ್ಲ. ರಿಪೇರಿ ಕಾಣದೆ ಅದು ಕಪಾಟಿನಲ್ಲೇ ಸಾಯುವುದು ಬೇಡವೆಂದು ಸಂತೆಬಾಚಹಳ್ಳಿಯ ಒಬ್ಬರಿಗೆ ಮಾರಲು ಒಪ್ಪಿದೆ. ಅವರದು ದಿನಸಿ ಅಂಗಡಿ. ಮನೆಯಲ್ಲಿ ಹಸು ಸಾಕಿದ್ದಾರೆ, ಬಿಡುವಾದಾಗ ಹಳೇ ರೇಡಿಯೋ ಬಿಚ್ಚಿ ಸರಿಮಾಡುತ್ತಾರೆ. ನಾನು ಕೇಳಿಕೊಂಡದ್ದು ಇಷ್ಟೇ: ಶೋಕೇಸಿನಲ್ಲಿ ಇಡಬೇಡಿ, ಆಗಾಗ ನಡೆಸುತ್ತಿರಿ.

ಬೆಳಿಗ್ಗೆ ಅವರು ವ್ಯಾನು ತಂದರು. ಅವ್ವ ಕೀಲಿಮಣೆಯ ಮೂಲೆಗೆ ಕುಂಕುಮ ಇಟ್ಟಳು. ಆಯುಧಪೂಜೆಯ ಹಳೆಯ ಕುಂಕುಮ ಅಲ್ಲಿ ಇನ್ನೂ ಇತ್ತು. ವೈರುಗಳನ್ನು ಸುತ್ತಿದ್ದೂ ಅವಳೇ. ವ್ಯಾನು ಹೋಯಿತು. ನಾನು ಪಡಸಾಲೆಯ ಖಾಲಿ ಕಪಾಟು ಒರೆಸತೊಡಗಿದೆ. ಎಷ್ಟೋ ಹೊತ್ತಿನ ಮೇಲೆ ಗೋಡೆಯ ಮೊಳೆ ಕಣ್ಣಿಗೆ ಬಿತ್ತು. ಹಿಂದೆ ಮಾರಿದ ಎತ್ತಿನ ಹಗ್ಗದ ಪಕ್ಕದಲ್ಲಿ ಕಂಪ್ಯೂಟರಿನ ಅಡಾಪ್ಟರು ನೇತಾಡುತ್ತಿತ್ತು.

"ಅವ್ವ, ಇದ್ಯಾಕೆ ಇಲ್ಲೈತೆ?"

"ಹಗ್ಗ ಕೊಟ್ಟು ಯಾರ್ಲಾ ದನ ಮಾರ್ತಾರೆ? ಕೊಟ್ಟಿಗೆ ಬರಿದಾಯ್ತದೆ."

"ಹಗ್ಗ ಅಲ್ಲ ಕಣವ್ವ, ಕರೆಂಟಿನ ವೈರು."

"ಗೋಡೆಗೆ ಕಟ್ಟಾಕೋದು ತಾನೆ? ಅಂಗಾದ್ರೆ ಹಗ್ಗವೇ."

ನನಗೆ ನಗು ಬರಲಿಲ್ಲ. ಸಾಮಾನ್ಯ ಅಡಾಪ್ಟರಿನ ಪಿನ್ನಿನಲ್ಲಿ ಒಳಗೆ ಪ್ಲಸ್ಸು, ಹೊರಗೆ ಮೈನಸ್ಸು. ಇದರದು ತಿರುಗಾಮುರುಗ. ಅವರು ತಮ್ಮ ಮನೆಯ ಬೇರಾವುದೋ ಅಡಾಪ್ಟರನ್ನು ಚುಚ್ಚಿ ಸ್ವಿಚ್ಚು ಹಾಕಿದರೆ ಕಂಪ್ಯೂಟರೇ ಸುಟ್ಟುಹೋಗುತ್ತದೆ. ಫೋನು ಮಾಡಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ವಿಷಯ ಹೇಳಿದಾಗ ಅವ್ವನ ಮುಖ ಸಣ್ಣಗಾಯಿತು.

"ನಂಗೇನ್ಲಾ ಗೊತ್ತು? ಓಗು, ಕೊಟ್ಬುಟ್ ಬಾ. ಬದ್ಲಿಗೆ ಇನ್ಯಾವ್ದಾರ ಹಗ್ಗ ಈಸ್ಕಂಡ್ ಬಾ. ಬರಿಗೈಲಿ ಬರ್ಬೇಡ."

ಸ್ಕೂಟರು ಓಡಿಸುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಬಸ್ಸು ಹತ್ತಿದೆ. ಟವೆಲಿನಲ್ಲಿ ಸುತ್ತಿದ ಅಡಾಪ್ಟರು ತೊಡೆಯ ಮೇಲೆ ಇಟ್ಟಿಗೆಯಷ್ಟು ಭಾರ. ಕಿಟಕಿಯಾಚೆ ಕಬ್ಬು, ನೀರು, ಮತ್ತೆ ಕಬ್ಬು. ಕಣ್ಣು ಮುಚ್ಚಿದರೆ ಪಟ್ಟೆಗಳು ಹರಿಯುತ್ತಿದ್ದವು. ನಡುವೆ ಆ ಉದ್ದನೆಯ ಕೂಗೂ ಕೇಳಿಸಿತು. ಕಣ್ಣು ಬಿಟ್ಟೆ, ಬಸ್ಸಿನ ಬ್ರೇಕು. ಕೆ.ಆರ್. ಪೇಟೆಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದೆ. ಮತ್ತೆ ಫೋನು ಮಾಡಿದೆ, ಆಗಲೂ ಬರೀ ರಿಂಗಾಯಿತು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಟೀವಿ ಆನ್ ಆಗಿತ್ತು. ಅವರು ಯಾವುದೋ ಅಡಾಪ್ಟರು ಹಿಡಿದು, ಪಿನ್ನು ಕೂರಲೆಂದು ಬ್ಲೇಡಿನಿಂದ ಅದರ ಪ್ಲಾಸ್ಟಿಕ್ಕು ಕೆತ್ತುತ್ತಿದ್ದರು.

"ಹಾಕ್ಬೇಡಿ!" ಬಾಗಿಲಿನಿಂದಲೇ ಕೂಗಿದೆ.

ಅವರು ತಲೆ ಎತ್ತಿ, ನನ್ನ ಕೈಯಲ್ಲಿದ್ದ ಟವೆಲಿನ ಗಂಟು ನೋಡಿ ನಕ್ಕರು. "ಹಗ್ಗ ತಂದ್ಬುಟ್ರಾ ಸಾರ್?"

"ಗೊತ್ತಿತ್ತಾ ನಿಮಗೆ?"

"ಅವ್ವಾರು ಮೊಳೆಗೆ ಹಾಕಿದ್ದ ಕಂಡೆ. ಇಟ್ಕಂಡ ಹಗ್ಗವ ಕೇಳಕ್ಕಾಯ್ತದಾ? ನಮ್ಮನೇದೇ ಕಟ್ಟುವಾ ಅಂತಿದ್ದೆ. ಫೋನು ವ್ಯಾನಲ್ಲೇ ಬುಟ್ಬುಟ್ಟಿವ್ನಿ ನೋಡಿ."

ಪಿನ್ನಿನ ವಿಷಯ ಹೇಳಿದೆ. ಅವರ ನಗು ನಿಂತಿತು. ಬ್ಲೇಡನ್ನು ನಿಧಾನವಾಗಿ ಕಿಟಕಿಯ ಮೇಲಿಟ್ಟರು.

ನನ್ನ ಕೈ ನಡುಗುತ್ತಿದ್ದರಿಂದ ಅವರೇ ಸಿಕ್ಕಿಸಿದರು. ಕ್ಯಾಸೆಟ್ ತಿರುಗಿತು. ಕೂಗು ಎದ್ದಾಗ ಹಿತ್ತಲಿನ ಹಸು ಮೇಯುವುದನ್ನು ಬಿಟ್ಟು ಇತ್ತ ನೋಡಿತು. ಪಟ್ಟೆಗಳು ಹರಿದವು. ಆ ಕೋಣೆಯಲ್ಲಿ ನಾಲೆ ಇರಲಿಲ್ಲ, ಸಂಜೆಯೂ ಆಗಿರಲಿಲ್ಲ, ಆದರೂ ಹರಿದವು.

ಬದಲಿಗೆ ನಮ್ಮ ಕಂಪ್ಯೂಟರಿನ ಟೀವಿ ವೈರು ಕೇಳಿದೆ. ಅಂಥದ್ದು ಅವರ ಮನೆಯಲ್ಲಿ ಬೇಕಾದಷ್ಟಿತ್ತು. ಬಿಚ್ಚಿ ಕೊಟ್ಟರು.

ಅವ್ವ ಜಗಲಿಯ ಮೇಲೆ ಕಾಯುತ್ತಿದ್ದಳು. ವೈರು ತೆಗೆದುಕೊಂಡು, ಬೆರಳಿಂದ ಸಿಕ್ಕು ಬಿಡಿಸುತ್ತ ಕೇಳಿದಳು.

"ಅಲ್ಲೋಗಿ ಕೂಗ್ತಾ?"

"ಕೂಗ್ತು ಕಣವ್ವ."

"ಹೊಸ ಕೊಟ್ಟಿಗೇಲಿ ಎಲ್ಲವೂ ಕೂಗ್ತವೆ. ಹೊಂದ್ಕತದೆ ಬುಡು," ಎಂದು ವೈರನ್ನು ಮೊಳೆಗೆ ಹಾಕಲು ಒಳಗೆ ಹೋದಳು.